ಜಾಹೀರಾತು ಮರೆಮಾಡುವ ಕೆಲಸದಲ್ಲಿದ್ದಾಗ

ನಿವೃತ್ತಿ ಎಂದರೆ ನಮ್ಮ ಮನೆಯಲ್ಲಿ ನಗುತ್ತಾರೆ. ನನ್ನ ತಲೆಯಲ್ಲಿ ಬಿಳಿ ಕೂದಲನ್ನು ಇನ್ನೂ ಹುಡುಕಬೇಕು. ಆದರೆ ನಾನು ಮಾಡುತ್ತಿದ್ದ ಕೆಲಸ ನನಗಿಂತ ಮೊದಲೇ ನಿವೃತ್ತವಾಯಿತು. ಆ ತಂಡ ಈಗಿಲ್ಲ, ಆ ಹುದ್ದೆಯ ಹೆಸರೂ ಕಂಪನಿಯಲ್ಲಿ ಉಳಿದಿಲ್ಲ, ಅಂಥದೇ ಇನ್ನೊಂದಕ್ಕೆ ಹೋಗುವ ಮನಸ್ಸು ನನಗೂ ಇಲ್ಲ. ನನ್ನ ಚಿಕ್ಕಪ್ಪನ ಮಗಳು ಈ ವರ್ಷ ಬೇರೊಂದು ಕಂಪನಿಯಲ್ಲಿ ಇದೇ ಬಗೆಯ ಕೆಲಸಕ್ಕೆ ಸೇರುತ್ತಿದ್ದಾಳೆ. "ಅಕ್ಕಾ, ಅಲ್ಲಿ ದಿನಾ ಕೂತು ಏನ್ ಮಾಡ್ತಿದ್ದಿ?" ಎಂದು ಕೇಳಿದಳು. ಎದುರಿಗೆ ಕೂತು ಹೇಳುವುದು ನನಗೆ ಬರುವುದಿಲ್ಲ, ಬರೆಯುವುದು ಸ್ವಲ್ಪ ಬರುತ್ತದೆ. ಅವಳಿಗಾಗಿ, ಅವಳಂತೆ ಹೊಸದಾಗಿ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ತಪ್ಪಿತು ಎಂಬುದರಿಂದ ಅವರಿಗೆ ಏನೂ ಪ್ರಯೋಜನವಿಲ್ಲವಾದ್ದರಿಂದ ಅದನ್ನು ಬಿಟ್ಟಿದ್ದೇನೆ.

ನಮ್ಮದು ಫೋನ್ ಮಾರುವ ಕಂಪನಿ. ಹೆಸರು ಬೇಡ. ಕಡಿಮೆ ಬೆಲೆಯ ಫೋನುಗಳು. ಕಂತಿನಲ್ಲಿ ಕೊಳ್ಳುವವರು, ಮೊದಲ ಸಲ ಕೊಳ್ಳುವವರು ನಮ್ಮ ಗಿರಾಕಿಗಳು. ಫೋನಿನೊಳಗೆ ಇಂಟರ್ನೆಟ್ ನೋಡಲು ಕಂಪನಿಯದೇ ಒಂದು ಬ್ರೌಸರ್ ಇರುತ್ತಿತ್ತು. ಆ ಬ್ರೌಸರಿನಲ್ಲಿ ಜಾಹೀರಾತು ಕಾಣದಂತೆ ಮಾಡುವುದು ತೆಲುಗು ನಾಡಿನ ರಾಜಧಾನಿಯಲ್ಲಿ, ಮಾಧಾಪುರದ ಕಚೇರಿಯಲ್ಲಿದ್ದ ನಮ್ಮ ಸಣ್ಣ ತಂಡದ ಕೆಲಸ. ನೀವು ತೆರೆಯುವ ಪುಟ ಒಂದೇ ಕಡೆಯಿಂದ ಬರುವುದಿಲ್ಲ. ಸುದ್ದಿ ಒಂದು ಕಡೆಯಿಂದ ಬಂದರೆ ಚಿತ್ರ ಇನ್ನೊಂದು ಕಡೆಯಿಂದ, ಜಾಹೀರಾತು ಮತ್ತೆಲ್ಲಿಂದಲೋ ಬರುತ್ತದೆ. ಆ ಕೊನೆಯದನ್ನು ತರಬೇಡ ಎಂದು ಬ್ರೌಸರಿಗೆ ಹೇಳುವ ಒಂದೊಂದು ಸಾಲನ್ನು ನಾವು ರೂಲ್ ಎನ್ನುತ್ತಿದ್ದೆವು. ಪುಟದಲ್ಲಿ ಜಾಹೀರಾತಿಗೆಂದು ಬಿಟ್ಟ ಚೌಕವನ್ನು ಹುಡುಕಿ ಮುಚ್ಚುವುದು ಇನ್ನೊಂದು ಬಗೆಯ ರೂಲ್. ಮೊದಲನೆಯದು ಸುಲಭ. ನಾವು ಮಾಡಿದ ಎಡವಟ್ಟುಗಳೆಲ್ಲ ಎರಡನೆಯದರಲ್ಲೇ.

ತಂಡದ ಹಿರಿಯರು ಬಸವರಾಜ್ ಸರ್, ಹುಮನಾಬಾದ್ ಕಡೆಯವರು. ಸಂದರ್ಶನದ ದಿನ ನನ್ನ ಅರ್ಜಿಯಲ್ಲಿ ರಾಯಚೂರು ಎಂದಿದ್ದುದನ್ನು ನೋಡಿ ಇಂಗ್ಲಿಷ್ ಬಿಟ್ಟು, "ಮನ್ಯಾಗ ಯಾವ ಮಾತು ಆಡ್ತೀರಿ?" ಎಂದು ಕೇಳಿದರು.

"ಕನ್ನಡಾರಿ."

"ಹಂಗಾದ್ರ ಬೈಸಿಕೊಳ್ಳಾಕ ಅನುಕೂಲ ಆತು."

ಹೇಳಿದಂತೆಯೇ ನಡೆದುಕೊಂಡರು. ಮೆಚ್ಚುವುದಿದ್ದರೆ ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ, ಬೈಯುವುದಿದ್ದರೆ ನನಗೊಬ್ಬಳಿಗೇ ತಿಳಿಯುವಂತೆ ಕನ್ನಡದಲ್ಲಿ. ಅದು ಅವರು ತೋರಿದ ಮರ್ಯಾದೆ ಎಂದು ನನಗೆ ಅರ್ಥವಾಗಲು ಸಮಯ ಹಿಡಿಯಿತು.

ನನ್ನ ಪಕ್ಕದ ಕುರ್ಚಿ ಫರ್ಹಾನಾಳದು. ಅದೇ ಊರಿನ ಟೋಲಿಚೌಕಿಯ ಹುಡುಗಿ. ತೆಲುಗು, ದಖನಿ, ಇಂಗ್ಲಿಷ್ ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸುತ್ತಿದ್ದಳು. ಅವಳ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಅರ್ಧ ರುಚಿ ಹೋಗುತ್ತದೆ. ಅವಳು ಈ ಕೆಲಸಕ್ಕೆ ಬಂದದ್ದಕ್ಕೆ ಕಾರಣ ಅವಳ ಅಮ್ಮಿ. "ನಿಮ್ಮ ಫೋನಿಗೆ ವೈರಸ್ ತಗುಲಿದೆ" ಎಂದು ಕೆಂಪು ಅಕ್ಷರದಲ್ಲಿ ಹೊಳೆಯುವ ಜಾಹೀರಾತು ನೋಡಿ ಅಮ್ಮಿ ಹೆದರಿ, ಫೋನನ್ನು ಅಕ್ಕಿ ಡಬ್ಬಿಯೊಳಗೆ ಹೂತು ಇಟ್ಟಿದ್ದರಂತೆ. ಮನೆಯ ಉಳಿದ ಫೋನುಗಳಿಗೆ ಹರಡಬಾರದು ಎಂದು. "ಎರಡು ದಿನ ಆ ಅಕ್ಕೀನೂ ಬೇಯಿಸಲಿಲ್ಲ ನಮ್ಮಮ್ಮಿ, ಬಜಾರಿನಿಂದ ಬೇರೆ ತರಿಸಿದ್ರು" ಎಂದು ಫರ್ಹಾನಾ ನಗುತ್ತಿದ್ದಳು. ಆದರೆ ಅಂಥ ಜಾಹೀರಾತೊಂದು ಸಿಕ್ಕರೆ ಅದನ್ನು ಬೇರುಸಹಿತ ಕಿತ್ತು ಹಾಕುವವರೆಗೆ ಊಟಕ್ಕೆ ಏಳುತ್ತಿರಲಿಲ್ಲ. ನಮ್ಮ ಕೆಲಸದ ಬಗ್ಗೆ ನಂತರ ನನಗೆ ಏನೇನು ಅನುಮಾನ ಬಂದರೂ, ಅಮ್ಮಿಯಂಥವರಿಗೆ ಅದರಿಂದ ಒಳ್ಳೆಯದಾಯಿತು ಎಂಬುದರಲ್ಲಿ ಅನುಮಾನ ಬಂದಿಲ್ಲ.

ದೂರುಗಳನ್ನು ಓದುವುದು ಸರದಿಯ ಕೆಲಸ. ಹೆಚ್ಚಿನವು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಇರುತ್ತಿದ್ದವು. ಒಂದು ದಿನ ಕನ್ನಡದಲ್ಲಿ ಒಂದು ಬಂತು: "ನಿಮ್ಮ ಫೋನ್ ತೊಗೊಂಡ ಮಂದಿಗೆ ಬಸ್ ಸಿಗವಲ್ದು. ದಯಮಾಡಿ ನೋಡ್ರಿ." ಕೆಳಗೆ ಶಾಂತಾ, ಪಟಾನ್‌ಚೆರು ಎಂದು ಬರೆದು ನಂಬರ್ ಕೊಟ್ಟಿದ್ದರು.

ಬಸವರಾಜ್ ಸರ್‌ಗೆ ತೋರಿಸಿದೆ. "ಫೋನಿಗೂ ಬಸ್ಸಿಗೂ ಏನ್ ಸಂಬಂಧವಾ? ನಾವೇನ್ ಕಂಡಕ್ಟರ್ ಇಟ್ಟೀವೇನು ಅದರಾಗ?" ಎಂದರು. ಆಮೇಲೆ, "ಮಾತಾಡು ಒಮ್ಮೆ" ಎಂದರು.

ಶಾಂತಕ್ಕ ಆಳಂದದವರು. ಮದುವೆಗೆ ಮುಂಚೆ ಊರಲ್ಲಿ ಶಾಲೆ ಕಲಿಸುತ್ತಿದ್ದರು. ಗಂಡ ಶರಣಪ್ಪ ಔಷಧದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಪಟಾನ್‌ಚೆರು ಸುತ್ತಲಿನ ಕಾರ್ಖಾನೆ ಪ್ರದೇಶದಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಮಂದಿಗಾಗಿ ಅವರು 'ಪಾಳಿ' ಎಂಬ ಒಂದು ಕನ್ನಡ ಪುಟ ನಡೆಸುತ್ತಿದ್ದರು. ನಾಳೆ ಯಾವ ಕಾರ್ಖಾನೆಯ ಬಸ್ ಎಲ್ಲಿ ನಿಲ್ಲುತ್ತದೆ, ಎಲ್ಲಿ ಗೋಡೆ ಕಟ್ಟುವ ಗೌಂಡಿಗಳು ಬೇಕಾಗಿದ್ದಾರೆ, ಎಲ್ಲಿ ಬಾಡಿಗೆ ಖೋಲಿ ಖಾಲಿ ಇದೆ, ಇಷ್ಟೇ ಅದರಲ್ಲಿರುವುದು. ರಸ್ತೆ ಅಗೆದಾಗಲೆಲ್ಲ ಬಸ್ಸುಗಳು ನಿಲ್ಲುವ ಜಾಗ ಬದಲಾಗುತ್ತಿತ್ತು. ಅಲ್ಲಿ ರಸ್ತೆ ಅಗೆಯದ ದಿನವಿಲ್ಲ. ಬಸ್ ತಪ್ಪಿದರೆ ಆ ದಿನದ ಕೂಲಿ ತಪ್ಪಿತು.

"ಪುಟದ ಮ್ಯಾಲಿನ ಚೌಕದಾಗ ಬಸ್ಸಿನ ಸುದ್ದಿ ದೊಡ್ಡ ಅಕ್ಷರದಾಗ ಹಾಕ್ತೀನ್ರಿ ಮೇಡಂ," ಎಂದರು ಫೋನಿನಲ್ಲಿ. "ಬ್ಯಾರೆ ಫೋನಿನ್ಯಾಗ ಕಾಣ್ತೈತಿ. ನಿಮ್ಮ ಫೋನಿನ್ಯಾಗ ಆ ಚೌಕಾನೇ ಇಲ್ಲ. ನಿನ್ನೆ ಮಂದಿ ಹಳೇ ಜಾಗಾದಾಗ ನಿಂತು ನಿಂತು ವಾಪಸ್ ಮನಿಗೆ ಬಂದಾರ."

ಪುಟ ತೆರೆದು ನೋಡಿದ ಕೂಡಲೇ ಗೊತ್ತಾಯಿತು. ಸುದ್ದಿ ಪತ್ರಿಕೆಗಳಿಗೆಂದು ಪುಕ್ಕಟೆ ಸಿಗುವ ಒಂದು ನಮೂನೆಯ ಮೇಲೆ ಅವರು ಪುಟ ಕಟ್ಟಿದ್ದರು. ಅದರಲ್ಲಿ ಜಾಹೀರಾತಿಗೆಂದು ಬಿಟ್ಟಿದ್ದ ಮೇಲಿನ ಚೌಕದಲ್ಲಿ ಬಸ್ಸಿನ ಸುದ್ದಿ ಹಾಕುತ್ತಿದ್ದರು. ಆ ಅಳತೆಯ ಚೌಕ ಎಲ್ಲಿ ಕಂಡರೂ ಮುಚ್ಚು ಎಂಬ ರೂಲನ್ನು ನಾವು ಹಿಂದಿನ ವಾರ ಹೊರಗೆ ಬಿಟ್ಟಿದ್ದೆವು.

"ಅಕ್ಕಾ, ಅದು ಜಾಹೀರಾತು ಹಾಕೋ ಜಾಗಾರಿ. ಅಲ್ಲಿ ಯಾಕ ಹಾಕಿದ್ರಿ?"

"ಎಲ್ಲಾರ ಕಣ್ಣು ಮೊದಲ ಅಲ್ಲಿಗೇ ಹೋಗ್ತೈತಲ್ರಿ. ಜಾಹೀರಾತಿನವರು ಭಾಳ ಶಾಣ್ಯಾ ಮಂದಿ, ಚಲೋ ಜಾಗಾ ಆರಿಸಿ ಇಟ್ಟಾರ. ನಾ ತೊಗೊಂಡೆ. ಅವರ ಜಾಹೀರಾತು ಕೆಳಗ ಹಾಕೇನಿ, ಬಿದ್ದಿರ್ತಾವ."

ಅಂದೇ ಆ ರೂಲನ್ನು ತೆಗೆದೆವು. ಕೆಲಸದ ಪದ್ಧತಿಯೂ ಬದಲಾಯಿತು: ಅಳತೆಯೊಂದನ್ನೇ ನಂಬಿ ಯಾವುದನ್ನೂ ಮುಚ್ಚಬಾರದು, ಅದು ಜಾಹೀರಾತು ಎನ್ನಲು ಇನ್ನೊಂದು ಗುರುತೂ ಬೇಕು. ಬಸವರಾಜ್ ಸರ್ ಅದನ್ನು ಬೋರ್ಡಿನ ಮೇಲೆ ಬರೆಸಿದರು. ಹೊಸಬರಿಗೆ ಈಗಲೂ ನಾನು ಮೊದಲು ಹೇಳುವ ಮಾತು ಅದೇ.

ಆಗಿನವರೆಗೆ ಜಾಹೀರಾತು ತಡೆ ಎಂಬುದು ಬೇಕಾದವರು ಸೆಟ್ಟಿಂಗ್‌ಗೆ ಹೋಗಿ ಆನ್ ಮಾಡಿಕೊಳ್ಳುವ ಸೌಲಭ್ಯ. ಕೆಲವರು ಮಾತ್ರ ಬಳಸುತ್ತಿದ್ದರು. ಒಂದು ಬೆಳಿಗ್ಗೆ ನೀರಜಾ ಮೇಡಂ ಸಭೆ ಕರೆದರು. ಅವರು ನಮ್ಮೆಲ್ಲರ ಮೇಲಿನವರು. ದನಿ ಏರಿಸುತ್ತಿರಲಿಲ್ಲ, ಯಾರ ಮಾತನ್ನೂ ನಡುವೆ ಕತ್ತರಿಸುತ್ತಿರಲಿಲ್ಲ. ಮುಂದಿನ ಅಪ್‌ಡೇಟಿನಿಂದ ಜಾಹೀರಾತು ತಡೆ ಎಲ್ಲ ಫೋನುಗಳಲ್ಲೂ ತಾನಾಗಿಯೇ ಆನ್ ಆಗಿರುತ್ತದೆ ಎಂದರು. ಕಾರಣವನ್ನೂ ಮುಚ್ಚಿಡಲಿಲ್ಲ. ನಮ್ಮ ಎದುರಾಳಿ ಕಂಪನಿಯ ಬದುಕು ನಿಂತಿರುವುದು ಜಾಹೀರಾತಿನ ಮೇಲೆ. ಅವರ ಬ್ರೌಸರ್ ಎಲ್ಲರ ಕೈಯಲ್ಲೂ ಇದೆ. ಅವರು ತಮ್ಮ ಬ್ರೌಸರಿನಲ್ಲಿ ಜಾಹೀರಾತು ತಡೆಯಲಾರರು, ತಡೆದರೆ ತಮ್ಮ ಅನ್ನಕ್ಕೇ ಕಲ್ಲು. ನಾವು ಫೋನ್ ಮಾರಿ ಬದುಕುವವರು, ನಮಗೆ ಅದರಿಂದ ನಷ್ಟವಿಲ್ಲ. ಅವರು ಕೊಡಲಾಗದ್ದನ್ನು ನಾವು ಕೊಡಬಹುದು, ಅವರ ಆದಾಯಕ್ಕೂ ಪೆಟ್ಟು ಬೀಳುತ್ತದೆ.

ಫರ್ಹಾನಾ ಕೈ ಎತ್ತಿದಳು. "ಮೇಡಂ, ಇದನ್ನು ಓದುವವರ ಒಳ್ಳೆಯದಕ್ಕೆ ಮಾಡ್ತಿದ್ದೀವಾ, ಆ ಕಂಪನಿಯ ಕೆಟ್ಟದಕ್ಕೆ ಮಾಡ್ತಿದ್ದೀವಾ?"

"ಎರಡೂ ಒಂದೇ ಕೆಲಸದಲ್ಲಿ ಆಗ್ತಿರುವಾಗ ನಾನು ಯಾಕೆ ಆರಿಸಬೇಕು?" ಎಂದು ನೀರಜಾ ಮೇಡಂ ನಕ್ಕರು. ಒಳ್ಳೆಯ ಉತ್ತರ ಎಂದೇ ನನಗೂ ಅನ್ನಿಸಿತು.

ಹೊರಗೆ ಬಂದ ಮೇಲೆ ಬಸವರಾಜ್ ಸರ್ ಕನ್ನಡಕ್ಕೆ ಇಳಿದರು. "ಇಷ್ಟು ದಿನ ನಾವು ನಮ್ಮ ಅಂಗಳಾ ಗುಡಸ್ತಿದ್ವಿ. ಇನ್ನ ಮ್ಯಾಲೆ ಎದುರುಮನಿ ನಳಾ ಬಂದ್ ಮಾಡೋ ಕೆಲಸ." ಅಂದಿನಿಂದ ತಂಡದಲ್ಲಿ ಆ ಕಂಪನಿಗೆ ಎದುರುಮನೆ ಎಂದೇ ಹೆಸರಾಯಿತು. ತೆಲುಗಿನವರೂ ಹಾಗೇ ಅನ್ನುತ್ತಿದ್ದರು.

ಆದರೆ ಆ ನಳದಿಂದ ನೀರು ಹಿಡಿಯುತ್ತಿದ್ದವರು ಎದುರುಮನೆಯವರಷ್ಟೇ ಅಲ್ಲ. ಶಾಂತಕ್ಕನ ಪುಟದ ಕೆಳಗೆ ಬಿದ್ದಿರುತ್ತಿದ್ದ ಜಾಹೀರಾತುಗಳು ಬರುತ್ತಿದ್ದುದು ಅಲ್ಲಿಂದಲೇ. ಅವುಗಳಿಂದ ಬಂದದ್ದರಲ್ಲೇ 'ಪಾಳಿ' ನಡೆಯುತ್ತಿತ್ತು. ಬಸ್ಸಿನ ಡ್ರೈವರ್‌ಗಳಿಗೆ, ಗುತ್ತಿಗೆದಾರರಿಗೆ ದಿನವೂ ಫೋನ್ ಮಾಡಿ ಕೇಳಲು ಅವರು ಇಬ್ಬರು ಹೆಂಗಸರನ್ನು ಇಟ್ಟುಕೊಂಡಿದ್ದರು, ಅವರ ಪಗಾರವೂ ಅದರಲ್ಲೇ. ಓದುವವರಲ್ಲಿ ಮುಕ್ಕಾಲು ಪಾಲು ನಮ್ಮ ಫೋನಿನವರು. ಅಪ್‌ಡೇಟ್ ಹೋದ ತಿಂಗಳಲ್ಲೇ ಶಾಂತಕ್ಕನ ಕರೆ ಬಂತು. ಈ ಸಲ ದೂರು ಹೇಳಲಿಲ್ಲ, ಮನೆಗೆ ಕರೆದರು. ಭಾನುವಾರ ಹೋದೆ.

ಶರಣಪ್ಪ ಬಾಗಿಲಲ್ಲೇ, "ಜಾಹೀರಾತು ತಿನ್ನೋ ಕಂಪನಿಯವರು ಬಂದ್ರು, ಅವರಿಗೆ ಊಟಕ್ಕ ಏನ್ ಹಾಕ್ತಿ?" ಎಂದು ಒಳಗೆ ಕೂಗಿದರು.

"ನೀವು ಸುಮ್ಮ ಕುಂದರ್ರಿ," ಎಂದು ಶಾಂತಕ್ಕ ಗಂಡನನ್ನು ಗದರಿ, ನನಗೆ ಚಾಪೆ ಹಾಸಿದರು. "ತಂಗಿ, ನಾ ನಿಮ್ಮ ಮ್ಯಾಲೆ ಸಿಟ್ಟು ಮಾಡ್ಕೊಂಡಿಲ್ಲ. ನನಗೂ ಆ ಜಾಹೀರಾತು ಅಂದ್ರ ಅಷ್ಟಕ್ಕಷ್ಟೇ. ಬೊಕ್ಕ ತಲಿಗೆ ಕೂದಲ ಬರಸ್ತೀವಿ ಅಂತ ಬರ್ತಾವ, ಅದನ್ನ ನೋಡಿ ಇವರು ಎಣ್ಣಿ ತರಿಸ್ಯಾರ."

"ಬಂದಾವ ನಾಕ ಕೂದಲ," ಎಂದರು ಶರಣಪ್ಪ.

"ಆದ್ರ ಅದಿಲ್ಲ ಅಂದ್ರ ಪಾಳಿ ಬಂದ್ ಮಾಡಬೇಕಾಗ್ತೈತಿ. ಆ ಇಬ್ಬರಿಗೆ ಈ ತಿಂಗಳು ಹೆಂಗೋ ಕೊಟ್ಟೆ. ಮುಂದ ಆಗಂಗಿಲ್ಲ. ಫೋನ್ ಮಾಡಿ ಕೇಳವರು ಇಲ್ಲಂದ್ರ ಬಸ್ಸಿನ ಸುದ್ದಿ ಖರೇ ಇರಂಗಿಲ್ಲ. ಸುಳ್ಳು ಸುದ್ದಿ ಹಾಕೋದಕಿಂತ ಬಂದ್ ಮಾಡೋದು ಚಲೋ."

ನನ್ನ ಕೈಯಲ್ಲಿ ಒಂದು ದಾರಿ ಇತ್ತು. ಜಾಹೀರಾತು ಸಣ್ಣದಿದ್ದು, ಕುಣಿಯದೆ, ಓದುವುದಕ್ಕೆ ಅಡ್ಡ ಬಾರದೆ ಇದ್ದರೆ ಅಂಥ ಪುಟಗಳಿಗೆ ವಿನಾಯಿತಿ ಕೊಡಬಹುದು ಎಂದು ನಾವೇ ನಿಯಮ ಮಾಡಿಕೊಂಡಿದ್ದೆವು. ಕೂದಲಿನ ಎಣ್ಣೆಯಂಥವನ್ನು ತೆಗೆಸಿ, ಉಳಿದವನ್ನು ಒಂದೆಡೆ ಸೇರಿಸಿ, ಪುಟವನ್ನು ಒಪ್ಪಿಗೆಗೆ ಕಳಿಸಿದೆ. ನೀರಜಾ ಮೇಡಂ ಅದನ್ನು ಓದಿ, ಬಸ್ಸಿನ ವಿಷಯ ವಿವರವಾಗಿ ಕೇಳಿ, ಸಹಿ ಹಾಕಿದರು. ಎರಡು ಹಂಗಾಮು ಹಾಗೆಯೇ ಕಳೆಯಿತು. 'ಪಾಳಿ' ಉಳಿಯಿತು ಎಂದುಕೊಂಡೆ.

ಆಮೇಲೆ ಕಂಪನಿ ತನ್ನದೇ ಜಾಹೀರಾತು ವಿಭಾಗ ತೆರೆಯಿತು. ಎದುರುಮನೆಯದನ್ನು ತಡೆದು ಬಿಟ್ಟ ಜಾಗ ಖಾಲಿ ಇತ್ತಲ್ಲ, ಅದಕ್ಕೆ ನಮ್ಮದು. ಇನ್ನು ಮುಂದೆ ವಿನಾಯಿತಿ ನಮ್ಮ ಜಾಹೀರಾತು ಹಾಕಿಕೊಳ್ಳುವ ಪುಟಗಳಿಗೆ ಮಾತ್ರ ಎಂಬ ಆದೇಶ ಬಂತು. ನೀರಜಾ ಮೇಡಂ ಅದನ್ನು ಓದಿ ಹೇಳುವಾಗ ಮುಖ ನಮ್ಮ ಕಡೆ ಇರಲಿಲ್ಲ. ಆದೇಶ ಅವರಿಗೂ ಮೇಲಿನಿಂದಲೇ ಬಂದದ್ದು. ಸಣ್ಣ ಪುಟದವರಿಗೆಲ್ಲ ಕರೆ ಮಾಡಿ ತಿಳಿಸುವುದು ನಮ್ಮ ಪಾಲಿಗೆ ಬಂತು.

ಶಾಂತಕ್ಕ ಪೂರ್ತಿ ಕೇಳಿಸಿಕೊಂಡರು. "ಅಂದ್ರ ಅವರ ಜಾಹೀರಾತು ತಗದು ನಿಮ್ಮದು ಹಾಕೋಬೇಕು."

"ಹೌದ್ರಿ ಅಕ್ಕಾ."

"ನಿಮ್ಮದರಾಗ ಕೂದಲಿನ ಎಣ್ಣಿ ಇಲ್ಲೇನು?"

"ಐತ್ರಿ." ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಅದೇ ಎಣ್ಣಿ."

ಆಮೇಲೆ ಕೇಳಿದರು: "ನಾಳೆ ನೀವಿಬ್ಬರೂ ರಾಜಿ ಆದ್ರ? ಇಲ್ಲಾ ಮೂರನೇದವ್ರ ಜೋಡಿ ಜಗಳಾ ತಗದ್ರ? ಆವಾಗ ನಾ ಯಾರ ಮನಿ ಮುಂದ ನಿಂದರ್ಬೇಕು?"

ಅವರು ನಮ್ಮ ಜಾಹೀರಾತು ಹಾಕಿಕೊಳ್ಳಲಿಲ್ಲ. ಇದ್ದವನ್ನೂ ತೆಗೆದರು. ಪುಟ ಇನ್ನೇನು ಮುಚ್ಚುತ್ತದೆ ಎಂದು ನಾನು ದಿನವೂ ಅದನ್ನು ತೆರೆದು ನೋಡುತ್ತಿದ್ದೆ.

ಕೆಲವು ದಿನಗಳ ನಂತರ ಬಸ್ಸಿನ ಸುದ್ದಿಯ ಧಾಟಿ ಬದಲಾಗಿರುವುದು ಕಂಡಿತು. ಮೊದಲು ಜಾಗದ ಹೆಸರಷ್ಟೇ ಇರುತ್ತಿತ್ತು. ಈಗ ಹೀಗೆ: "ಬಣ್ಣದ ಕಾರ್ಖಾನಿ ಬಸ್ಸು ನಾಳೆ ಮಲ್ಲಮ್ಮನ ಖಾನಾವಳಿ ಮುಂದ ನಿಂದರ್ತೈತಿ. ನಸುಕಿನ್ಯಾಗ ಬಿಸಿ ರೊಟ್ಟಿ, ಪುಂಡಿಪಲ್ಯ ಇರ್ತೈತಿ, ಕಟ್ಟಿಸಿಕೊಂಡು ಬಸ್ ಹತ್ರಿ." ಇನ್ನೊಂದು ಕಡೆ, ಖೋಲಿ ಬಾಡಿಗೆಯ ಸುದ್ದಿಯಲ್ಲಿ ಪಕ್ಕದ ಟೇಲರ್ ಹೆಸರು, ಅವನು ಶಾಲೆಯ ಬಟ್ಟೆ ಬೇಗ ಹೊಲಿದು ಕೊಡುತ್ತಾನೆ ಎಂಬ ಮಾತು. ಖಾನಾವಳಿಯವರು, ಟೇಲರು, ಕಿರಾಣಿಯವರು ತಿಂಗಳಿಗೆ ಇಷ್ಟು ಎಂದು ಕೊಡುತ್ತಿದ್ದರು. ಆ ಇಬ್ಬರು ಹೆಂಗಸರಿಗೆ ಪಗಾರ ನಿಲ್ಲಲಿಲ್ಲ. ನಮ್ಮ ಯಾವ ರೂಲೂ ಇದನ್ನು ಮುಟ್ಟುವಂತಿರಲಿಲ್ಲ, ಏಕೆಂದರೆ ಮುಚ್ಚಲು ಅಲ್ಲಿ ಚೌಕವೇ ಇರಲಿಲ್ಲ.

ಹೀಗೆ ಮಾಡಿದವರು ಶಾಂತಕ್ಕ ಒಬ್ಬರೇ ಅಲ್ಲ. ಎದುರುಮನೆಯೂ ಸುದ್ದಿಯ ಸಾಲಿನೊಳಗೆ ಜಾಹೀರಾತು ಸೇರಿಸಲು ಕಲಿಯಿತು. ಅದಕ್ಕೆ ಉತ್ತರವಾಗಿ ನಮ್ಮಲ್ಲಿ ರೂಲು ಬರೆಯುವ ಕಾಲ ಮುಗಿದು, ವಾಕ್ಯ ಓದಿ ಇದು ಜಾಹೀರಾತು ಎಂದು ಗುರುತಿಸುವ ಯಂತ್ರಕ್ಕೆ ಪಾಠ ಹೇಳುವ ಕಾಲ ಬಂತು. ಸಾವಿರಾರು ವಾಕ್ಯಗಳನ್ನು ಇಬ್ಬಿಬ್ಬರು ಬೇರೆ ಬೇರೆಯಾಗಿ ಓದಿ, ಜಾಹೀರಾತು, ಜಾಹೀರಾತಲ್ಲ ಎಂದು ಗುರುತು ಹಾಕಬೇಕು. ಗುರುತು ಹೊಂದದಿದ್ದರೆ ಬಸವರಾಜ್ ಸರ್ ತೀರ್ಪು. ಕನ್ನಡದ ವಾಕ್ಯಗಳಿಗೆ ನಾನು ಮತ್ತು ಕಾರ್ತಿಕ್ ಎಂಬ ಮೈಸೂರಿನ ಹೊಸ ಹುಡುಗ.

ಯಂತ್ರ ತಾನೇ ಆರಿಸಿದ ವಾಕ್ಯಗಳಲ್ಲಿ ಮಲ್ಲಮ್ಮನ ಖಾನಾವಳಿಯದೂ ಬಂತು. ಅದು ಜಾಹೀರಾತು ಎಂದು ಯಂತ್ರ ಹೇಳಿತ್ತು. ಕಾರ್ತಿಕ್ ಕೂಡ ಜಾಹೀರಾತು ಎಂದು ಹಾಕಿದ್ದ. ನಾನು ಅಲ್ಲ ಎಂದು ಹಾಕಿದೆ. ಹಾಕುವ ಮುಂಚೆ ಬರೆದವರು ನನಗೆ ಪರಿಚಯ ಎಂದು ಸರ್‌ಗೆ ಹೇಳಿದ್ದೆ.

ಅವರು ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಕಾರ್ತಿಕ್ ತನ್ನ ವಾದವನ್ನು ಸರಿಯಾಗಿಯೇ ಮಂಡಿಸಿದ: "ಅಂಗಡಿ ಹೆಸರಿದೆ ಸರ್, ಸರಕನ್ನ ಹೊಗಳಿದೆ, ಕೊಂಡ್ಕೊಳ್ಳಿ ಅಂತಿದೆ. ದುಡ್ಡೂ ತಗೊಂಡಿರ್ತಾರೆ. ಇನ್ನೇನು ಬೇಕು?"

"ತೊಗೊಂಡಾರ," ಎಂದೆ. "ಆದ್ರೂ ಬಸ್ ಅಲ್ಲೇ ನಿಲ್ಲತೈತಿ."

ಬಸವರಾಜ್ ಸರ್ ವಾಕ್ಯವನ್ನು ಮೂರು ಸಲ ಓದಿದರು. ಕೊನೆಯ ಸಲ ಗಟ್ಟಿಯಾಗಿ, ಹುಮನಾಬಾದಿನ ರಾಗದಲ್ಲಿ. "ಇದು ಜಾಹೀರಾತು ಹೌದಪ್ಪಾ ಕಾರ್ತಿಕ್. ನಿಂದೇನೂ ತಪ್ಪಿಲ್ಲ. ಆದ್ರ ಮಲ್ಲಮ್ಮನ್ನ ತಗದ್ರ ಬಸ್ ಎಲ್ಲಿ ನಿಂದ್ರಸ್ಲಿ?" ಆಮೇಲೆ, "ಪುಂಡಿಪಲ್ಯ ಅಂತ ಬರದು ನನ್ನ ಹೊಟ್ಟಿ ಬ್ಯಾರೆ ಹಸಿಸ್ಯಾಳ ಈ ಹೆಣಮಗಳು" ಎಂದರು.

ತೀರ್ಪು ನನ್ನ ಕಡೆಗಾಯಿತು ಎನ್ನುವಂತಿಲ್ಲ. ಇಂಥ ವಾಕ್ಯಗಳಲ್ಲಿ ನಾವೇ ಒಂದು ಮಾತಿಗೆ ಬರದಿರುವಾಗ ಯಂತ್ರಕ್ಕೆ ಕಲಿಸುವುದು ಏನನ್ನು ಎಂದು ಬರೆದು, ಕನ್ನಡದ ಮಟ್ಟಿಗೆ ಇದನ್ನು ಹೊರಗೆ ಬಿಡಬಾರದು ಎಂದು ಮೇಲಕ್ಕೆ ಕಳಿಸಿದರು. ನೀರಜಾ ಮೇಡಂ ಒಪ್ಪಿದರು. ತೆಲುಗಿಗೂ ಅದನ್ನೇ ಅನ್ವಯಿಸಬೇಕೆಂದು ಫರ್ಹಾನಾ ಹಟ ಹಿಡಿದಳು. ಆ ಚರ್ಚೆ ನಡೆಯುತ್ತಿರುವಾಗಲೇ ಎಲ್ಲ ನಿಂತಿತು.

ನಿಂತದ್ದು ಹೀಗೆ. ನಮ್ಮ ಕಂಪನಿಗೂ ಎದುರುಮನೆಗೂ ಒಪ್ಪಂದವಾಯಿತು. ನಮ್ಮ ಫೋನುಗಳಲ್ಲಿ ಅವರ ಹುಡುಕಾಟದ ಸೇವೆ ಮುಂಚೂಣಿಯಲ್ಲಿರುತ್ತದೆ, ಅದಕ್ಕೆ ಪ್ರತಿಯಾಗಿ ನಮಗೇನೋ ಸಿಗುತ್ತದೆ. ವಿವರ ನಮ್ಮ ಮಟ್ಟಕ್ಕೆ ಬರಲಿಲ್ಲ. ಬಂದದ್ದು ಒಂದು ಸಾಲಿನ ಕೆಲಸ: ಮುಂದಿನ ಅಪ್‌ಡೇಟಿನಲ್ಲಿ ಜಾಹೀರಾತು ತಡೆಯನ್ನು ಆಫ್ ಮಾಡಿ, ಸೆಟ್ಟಿಂಗಿನ ಒಳಪುಟಕ್ಕೆ ಸರಿಸುವುದು. ಅದನ್ನು ಫರ್ಹಾನಾ ಮಾಡಿದಳು. ಹೆಚ್ಚು ಹೊತ್ತು ಹಿಡಿಯಲಿಲ್ಲ. "ಅಮ್ಮಿ ಫೋನಿನಲ್ಲಿ ಮಾತ್ರ ನಾನೇ ಕೈಯಾರೆ ಆನ್ ಮಾಡ್ತೀನಿ, ಯಾರು ಬಂದು ಆಫ್ ಮಾಡ್ತಾರೋ ನೋಡೋಣ," ಎಂದಳು. ತಂಡವನ್ನು ಚದುರಿಸಿದರು. ನೀರಜಾ ಮೇಡಂ ಪ್ರತಿಯೊಬ್ಬರಿಗೂ ಬೇರೆ ವಿಭಾಗದಲ್ಲಿ ಜಾಗ ಹುಡುಕಿಕೊಡಲು ಓಡಾಡಿದರು. ನನಗೆ ಸಿಕ್ಕದ್ದು ಹೊಸ ಜಾಹೀರಾತು ವಿಭಾಗ. ನಾನು ಬೇಡವೆಂದು ಹೇಳಿ ಕೆಲಸ ಬಿಟ್ಟೆ. ದೊಡ್ಡ ಕಾರಣವೇನೂ ಇರಲಿಲ್ಲ, ಆ ಎಣ್ಣೆಯ ವಿಷಯ ಮತ್ತೆ ಯಾರಿಗೂ ಫೋನ್ ಮಾಡಿ ಹೇಳುವುದು ಬೇಡ ಎನ್ನಿಸಿತು.

ಶಾಂತಕ್ಕನಿಗೆ ನಾನೇ ಕರೆ ಮಾಡಿದೆ. ಎರಡೂ ಕಂಪನಿ ರಾಜಿಯಾದವು, ಹಳೆಯ ಜಾಹೀರಾತುಗಳನ್ನು ಹಾಕಿಕೊಂಡರೆ ಇನ್ನು ಎಲ್ಲ ಫೋನುಗಳಲ್ಲೂ ಕಾಣುತ್ತವೆ ಎಂದು ತಿಳಿಸಿದೆ.

"ಬ್ಯಾಡ ಬಿಡು ತಂಗಿ. ಅವರು ಮತ್ತ ಯಾವಾಗ ಜಗಳಾ ತಗೀತಾರೋ. ಮಲ್ಲಮ್ಮ ಜಗಳಾ ತಗದ್ರ ನಾ ಹೋಗಿ ನಾಕ ಮಾತು ಆಡಿ ಬರ್ತೀನಿ. ಅವರ ಮನಿ ಬಾಗಲಾ ನನಗೆಲ್ಲಿ ಗೊತ್ತೈತಿ?" ಎಂದರು. ಆಮೇಲೆ, "ನೀ ಈಗ ಎಲ್ಲಿ ಕೆಲಸಕ್ಕ ಇದ್ದಿ?" ಎಂದು ಕೇಳಿದರು.

"ಬಿಟ್ಟೀನಿ ಅಕ್ಕಾ. ಸದ್ಯಕ್ಕ ಎಲ್ಲೂ ಇಲ್ಲ."

"ಅಯ್ಯ, ಮೊದಲ ಹೇಳಬಾರ್ದಾ? ಹಾಕ್ತೀನಿ ತಡಿ."

ಬೇಡ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ನನ್ನ ವಿಷಯ ನಾಲ್ಕು ಜನರ ಬಾಯಿಗೆ ಬೀಳುವುದು ನನಗೆ ಆಗದ ಸಂಗತಿ. ಕಾಲೇಜಿನಲ್ಲಿ ಬಹುಮಾನ ಬಂದಾಗಲೂ ನಾನು ಮನೆಯಲ್ಲಿ ವಾರದ ನಂತರ ಹೇಳಿದವಳು. ಮರುದಿನ 'ಪಾಳಿ'ಯಲ್ಲಿ ಗೌಂಡಿಗಳು ಬೇಕಾಗಿದ್ದಾರೆ ಎಂಬುದರ ಕೆಳಗೆ ಇತ್ತು: "ಫೋನಿನ ಕೆಲಸ ಪೂರಾ ಬಲ್ಲ ನಮ್ಮ ಕಡೆ ಹುಡುಗಿ ಒಬ್ಬಾಕಿ ಖಾಲಿ ಅದಾಳ. ಮಾತು ಕಮ್ಮಿ, ಕೆಲಸ ಚೊಕ್ಕ. ಬೇಕಾದವರು ನನಗ ಕೇಳ್ರಿ." ಪುಣ್ಯಕ್ಕೆ ಹೆಸರು ಹಾಕಿರಲಿಲ್ಲ.

ಆ ವಾರದ ಕೊನೆಗೆ ಶಾಂತಕ್ಕ ಕರೆ ಮಾಡಿದರು. "ಭಾಳ ಮಂದಿ ಕೇಳಾಕತ್ತಾರ ತಂಗಿ. ಎಲ್ಲಾರದೂ ಒಂದೇ. ಫೋನಿನ ಗ್ಲಾಸ್ ಒಡದೈತಂತ, ಹಾಕಿ ಕೊಡ್ತಾಳೇನು ಅಂತಾರ. ಏನ್ ಹೇಳ್ಲಿ?"

ಅದು ನನಗೆ ಬರುವುದಿಲ್ಲ ಎಂದೆ. ಅಬಿಡ್ಸ್‌ನಲ್ಲಿ ಅಂಚೆ ಕಚೇರಿಯ ಹಿಂದಿನ ಗಲ್ಲಿಯಲ್ಲಿ ಒಬ್ಬ ಹುಡುಗ ಇದ್ದಾನೆ, ಹೆಚ್ಚು ತೆಗೆದುಕೊಳ್ಳುವುದಿಲ್ಲ, ಎದುರಿಗೇ ಕೂರಿಸಿಕೊಂಡು ಹಾಕಿಕೊಡುತ್ತಾನೆ, ಪಟಾನ್‌ಚೆರುವಿನಿಂದ ಬಸ್ಸಿನಲ್ಲಿ ಬಂದು ಅಬಿಡ್ಸ್‌ನಲ್ಲಿ ಇಳಿದರೆ ಒಂದೆರಡು ನಿಮಿಷದ ನಡಿಗೆ ಎಂದು ಹೇಳಿದೆ. ಅವರು ಹ್ಞೂಂ, ಹ್ಞೂಂ ಎನ್ನುತ್ತಿದ್ದರು. ಬರೆದುಕೊಳ್ಳುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ಮರುದಿನ ಬೆಳಿಗ್ಗೆ ಪುಟ ತೆರೆದೆ. ನಾನು ಹೇಳಿದ ಮಾತುಗಳೇ, ಒಂದೂ ಬಿಡದಂತೆ, ಬಸ್ಸಿನ ಸುದ್ದಿಯ ಜೊತೆಗೆ ಇದ್ದವು.